ಬಿಸಿಯಾದ ಮೇಲೆ ಸ್ಟಾರ್ಟ್ ಆಗಲು ಸತಾಯಿಸುವ ಕಾರು: ಬಿಸಿ ಇರುವಾಗಲೇ ನೋಡಬೇಕು

ಪ್ರಶ್ನೆ: ಸರ್, ನಾನು ಹೊಸಪೇಟೆಯವನು. ಐದು ತಿಂಗಳ ಹಿಂದೆ 2014ರ ಮಾಡೆಲ್‌ನ 1.2 ಲೀಟರ್ ಪೆಟ್ರೋಲ್ ಕಾರೊಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ತೆಗೆದುಕೊಂಡೆ. ಮೀಟರ್‌ನಲ್ಲಿ 86,000 ಕಿಲೋಮೀಟರ್ ಇದೆ. ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತದೆ. ಆದರೆ ಹುಬ್ಬಳ್ಳಿಗೆ ಹೋಗುವಾಗ ಗದಗದಲ್ಲಿ ಮಿರ್ಚಿ, ಚಹಾ ಅಂತ 20–30 ನಿಮಿಷ ನಿಲ್ಲಿಸಿದರೆ ಮುಗೀತು. ಏಳೆಂಟು ಸೆಕೆಂಡ್ ಎಳೆದು ಎಳೆದು ಸ್ಟಾರ್ಟ್ ಆಗುತ್ತದೆ. ಕೆಲವೊಮ್ಮೆ ಎರಡು ಮೂರು ಸಲ ಸೆಲ್ಫ್ ಹೊಡೆಯಬೇಕು. ಸ್ಟಾರ್ಟ್ ಆದ ಮೇಲೂ ಒಂದೆರಡು ಕ್ಷಣ ನಡುಗಿ ಆಮೇಲೆ ಸರಿಹೋಗುತ್ತದೆ. ಚೆಕ್ ಎಂಜಿನ್ ಲೈಟ್ ಬಂದಿಲ್ಲ. ಮೆಕ್ಯಾನಿಕ್ ಮೊದಲು ಪ್ಲಗ್ ಬದಲಿಸಿದರು, ಆಮೇಲೆ ಬ್ಯಾಟರಿ. ಈಗ ಸೆಲ್ಫ್ ಮೋಟಾರ್ ಹಾಕೋಣ ಅನ್ನುತ್ತಿದ್ದಾರೆ. ಹಾಕಿಸಲಾ?

ಉತ್ತರ: ಸದ್ಯಕ್ಕೆ ಬೇಡ. ಪ್ಲಗ್ ಹೋಯಿತು, ಬ್ಯಾಟರಿ ಹೋಯಿತು, ತೊಂದರೆ ಮಾತ್ರ ಇದ್ದಲ್ಲೇ ಇದೆ. ಮೂರನೆಯದಾಗಿ ಸೆಲ್ಫ್ ಮೋಟಾರಿಗೂ ಅದೇ ಗತಿಯಾದೀತು. ನಿಮ್ಮ ಮೆಕ್ಯಾನಿಕ್ ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಈ ತೊಂದರೆಯ ಸ್ವಭಾವವೇ ಹಾಗೆ. ನೀವು ಬೆಳಿಗ್ಗೆ ಗಾಡಿ ಗ್ಯಾರೇಜಿಗೆ ಬಿಟ್ಟು ಕೆಲಸಕ್ಕೆ ಹೋಗುತ್ತೀರಿ. ಅವರು ಮಧ್ಯಾಹ್ನ ಕೀ ತಿರುಗಿಸುತ್ತಾರೆ, ಗಾಡಿ ಟಕ್ ಅಂತ ಸ್ಟಾರ್ಟ್ ಆಗುತ್ತದೆ. ಕಣ್ಣೆದುರು ತೊಂದರೆಯೇ ಇಲ್ಲದಾಗ ಯಾವ ಮೇಸ್ತ್ರಿಯಾದರೂ ಏನು ಮಾಡಬೇಕು? ಊಹೆ ಮೇಲೆ ಪಾರ್ಟ್ ಬದಲಿಸುತ್ತಾರೆ. ಆದ್ದರಿಂದ ಎಲ್ಲಕ್ಕಿಂತ ಮೊದಲ ಮಾತು ಇದು: ಈ ಗಾಡಿಯನ್ನು ಬಿಸಿ ಇರುವಾಗಲೇ, ಸತಾಯಿಸುತ್ತಿರುವಾಗಲೇ ನೋಡಬೇಕು. ತಣ್ಣಗಿರುವಾಗ ಎಷ್ಟು ನೋಡಿದರೂ ಏನೂ ಸಿಗುವುದಿಲ್ಲ.

ನಿಮ್ಮ ಪ್ರಶ್ನೆಯಲ್ಲಿ ನನ್ನನ್ನು ನಿಲ್ಲಿಸಿದ ಮಾತು "ಎಳೆದು ಎಳೆದು". ಗ್ಯಾರೇಜಿಗೆ ಬರುವ ಹತ್ತರಲ್ಲಿ ಎಂಟು ಜನ ಇದೇ ಮಾತು ಹೇಳುತ್ತಾರೆ. ಆದರೆ ಅದಕ್ಕೆ ಎರಡು ಅರ್ಥ ಇದೆ. ಒಂದು, ಸೆಲ್ಫೇ ನಿಧಾನವಾಗಿ ತಿರುಗುತ್ತದೆ. ಭಾರ ಹೊತ್ತವರ ಹಾಗೆ "ಊಂ... ಊಂ... ಊಂ" ಅಂತ ತಡೆದು ತಡೆದು ಸದ್ದು ಬರುತ್ತದೆ. ಇನ್ನೊಂದು, ಸೆಲ್ಫ್ ಎಂದಿನ ವೇಗದಲ್ಲೇ ಸರಾಗವಾಗಿ ತಿರುಗುತ್ತದೆ, ಎಂಜಿನ್ ಮಾತ್ರ ಹಿಡಿದುಕೊಳ್ಳುವುದಿಲ್ಲ. ಮೊದಲನೆಯದು ಕರೆಂಟಿನ ತೊಂದರೆ. ಎರಡನೆಯದು ಪೆಟ್ರೋಲ್ ಅಥವಾ ಸೆನ್ಸರ್‌ನ ತೊಂದರೆ. ಎರಡಕ್ಕೂ ಮದ್ದು ಪೂರ್ತಿ ಬೇರೆ.

ಕಿವಿ ಮೇಲೆ ನಂಬಿಕೆ ಇಲ್ಲದಿದ್ದರೆ ಒಂದು ಕೆಲಸ ಮಾಡಿ. ನಾಳೆ ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ಫೋನಿನಲ್ಲಿ ಸದ್ದು ರೆಕಾರ್ಡ್ ಮಾಡಿಕೊಳ್ಳಿ. ಮುಂದಿನ ಸಲ ಬಿಸಿಯಲ್ಲಿ ಸತಾಯಿಸಿದಾಗ ಮತ್ತೆ ರೆಕಾರ್ಡ್ ಮಾಡಿ. ಎರಡನ್ನೂ ಒಂದರ ಹಿಂದೆ ಒಂದು ಕೇಳಿ. ತಿರುಗುವ ಲಯ ಎರಡರಲ್ಲೂ ಒಂದೇ ಇದ್ದರೆ ಸೆಲ್ಫ್ ಮೋಟಾರಿನ ಮಾತು ಅಲ್ಲಿಗೇ ಬಿಡಿ.

ಲಯ ನಿಧಾನವಾಗಿದ್ದರೆ? ಆಗಲೂ ಮೊದಲು ಮೋಟಾರ್ ಅಲ್ಲ, ಅರ್ಥಿಂಗ್ ನೋಡಬೇಕು. ತಾಮ್ರ ಬಿಸಿಯಾದಷ್ಟೂ ಕರೆಂಟಿಗೆ ತಡೆ ಹೆಚ್ಚುತ್ತದೆ. ತಣ್ಣಗಿದ್ದಾಗ ಹೇಗೋ ಸಾಗುತ್ತಿದ್ದ ಪಾಚಿ ಹಿಡಿದ ಕ್ಲಾಂಪ್, ತುಕ್ಕು ಹಿಡಿದ ಅರ್ಥ್ ವೈರ್ ಬಿಸಿಯಲ್ಲಿ ಕೈಕೊಡುತ್ತವೆ. ಮಲ್ಟಿಮೀಟರ್‌ನ ಒಂದು ಮುಳ್ಳನ್ನು ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ ಇಡಿ. ಕ್ಲಾಂಪ್ ಮೇಲಲ್ಲ, ಸೀಸದ ಕಂಬದ ಮೇಲೆಯೇ. ಇನ್ನೊಂದನ್ನು ಎಂಜಿನ್‌ನ ಶುಭ್ರವಾದ ಲೋಹದ ಮೇಲೆ ಒತ್ತಿ ಹಿಡಿದು ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ. 0.2 ವೋಲ್ಟ್ ಒಳಗಿದ್ದರೆ ಚೆನ್ನಾಗಿದೆ. ಅರ್ಧ ವೋಲ್ಟ್ ದಾಟಿದರೆ ಅರ್ಥ್ ವೈರೇ ಕಳ್ಳ. ಅದೇ ಹೊತ್ತಿಗೆ ಬ್ಯಾಟರಿಯ ಎರಡು ಕಂಬಗಳ ನಡುವೆ 9.6 ವೋಲ್ಟ್‌ಗಿಂತ ಕೆಳಗೆ ಇಳಿಯಬಾರದು. ಎರಡೂ ಸರಿಯಿದ್ದು, ಪಾಸಿಟಿವ್ ವೈರಿನ ಕಡೆಯೂ ಸರಿಯಿದ್ದು, ಆದರೂ ಬಿಸಿಯಲ್ಲಿ ನಿಧಾನ ಅಂದರೆ ಮಾತ್ರ ಸೆಲ್ಫ್ ಮೋಟಾರನ್ನು ಬಿಚ್ಚಿಸಿ ಬುಷ್, ಕಾರ್ಬನ್ ನೋಡಿಸಿ.

ಆದರೆ ನಿಮ್ಮ ಗಾಡಿಯದು ಇದಲ್ಲ ಅಂತ ನನಗೆ ಅನ್ನಿಸುತ್ತಿದೆ. ಕಾರಣ, ಸ್ಟಾರ್ಟ್ ಆದ ಮೇಲೆ ನಡುಗುತ್ತದೆ ಅಂದಿರಿ. ಸೆಲ್ಫ್ ಸೋತಿದ್ದರೆ ಎಂಜಿನ್ ಹಿಡಿದ ಮೇಲೆ ನಡುಗಲು ಕಾರಣ ಇಲ್ಲ. ನಡುಕ ಬಂತು ಅಂದರೆ ಸಿಲಿಂಡರ್‌ಗೆ ಬರುತ್ತಿರುವ ಪೆಟ್ರೋಲಿನ ಲೆಕ್ಕ ತಪ್ಪಿದೆ. ಒಂದೋ ಕಡಿಮೆ, ಇಲ್ಲವೋ ಜಾಸ್ತಿ. ಯಾವುದು ಅಂತ ಕಂಡುಹಿಡಿಯುವುದೇ ಈಗಿನ ಕೆಲಸ.

ಎಂಜಿನ್ ಆಫ್ ಮಾಡಿದ ಕೂಡಲೇ ತಣ್ಣಗಾಗಲು ಶುರುವಾಗುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಬಾನೆಟ್ ಒಳಗೆ ನಡೆಯುವುದು ಬೇರೆ. ಓಡುವಾಗ ಗಾಳಿ ಬಡಿಯುತ್ತಿರುತ್ತದೆ, ನೀರು ಸುತ್ತುತ್ತಿರುತ್ತದೆ. ಆಫ್ ಮಾಡಿದ ತಕ್ಷಣ ಎರಡೂ ನಿಂತುಹೋಗುತ್ತವೆ. ಎಂಜಿನ್ ಒಡಲಲ್ಲಿರುವ ಕಾವು ಮೇಲೇರಿ ಸುತ್ತಲಿನ ಪೈಪು, ಸೆನ್ಸರು, ಎಂಜಿನ್‌ಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರುಗಳಿಗೆಲ್ಲ ಹರಡುತ್ತದೆ. ಮೊದಲ 15ರಿಂದ 40 ನಿಮಿಷ ಬಾನೆಟ್ ಕೆಳಗಿನ ಎಷ್ಟೋ ಭಾಗಗಳು ಓಡುವಾಗ ಇದ್ದದ್ದಕ್ಕಿಂತ ಜಾಸ್ತಿ ಬಿಸಿಯಾಗುತ್ತವೆ. ನೀವು ಚಹಾ ಕುಡಿಯುವುದು ಸರಿಯಾಗಿ ಆ ಹೊತ್ತಿನಲ್ಲೇ.

ಪೆಟ್ರೋಲ್ ಅಂದರೆ ಒಂದೇ ವಸ್ತು ಅಲ್ಲ, ಹಲವು ಎಣ್ಣೆಗಳ ಬೆರಕೆ. ಅದರಲ್ಲಿ ಹಗುರವಾದವು 35–40 ಡಿಗ್ರಿಗೇ ಆವಿಯಾಗಲು ಶುರುಮಾಡುತ್ತವೆ. ಹೊಸಪೇಟೆಯ ಏಪ್ರಿಲ್ ಬಿಸಿಲೇ ಅಷ್ಟಿರುತ್ತದೆ, ಇನ್ನು ಬಾನೆಟ್ ಒಳಗೆ ಕೇಳಬೇಕೇ? ಆದರೂ ಚೆನ್ನಾಗಿರುವ ಗಾಡಿಯಲ್ಲಿ ಅದು ಕುದಿಯುವುದಿಲ್ಲ. ಏಕೆಂದರೆ ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ರೈಲ್ ಪೈಪಿನಲ್ಲಿ ಸಾಮಾನ್ಯವಾಗಿ 3ರಿಂದ 4 ಬಾರ್ ಒತ್ತಡ ಇರುತ್ತದೆ. ಎಂಜಿನ್ ಆಫ್ ಆದ ಮೇಲೂ ಅದರಲ್ಲಿ ಬಹುಪಾಲು ಒತ್ತಡ ಉಳಿಯಬೇಕು. ಒತ್ತಡ ಇದ್ದರೆ ಕುದಿಯುವ ಬಿಂದು ಮೇಲೇರುತ್ತದೆ. ಮನೆಯ ಕುಕ್ಕರ್‌ನಲ್ಲಿ ನೀರು 100 ಡಿಗ್ರಿಗೆ ಕುದಿಯದೆ 120ರ ಹತ್ತಿರ ಹೋಗುವುದು ಇದೇ ಕಾರಣಕ್ಕೆ. ಬಿಸಿ ಕುಕ್ಕರಿನ ವಿಷಲ್ ಎತ್ತಿಬಿಟ್ಟರೆ ಒಳಗೆ ಹೇಗೆ ಒಮ್ಮೆಲೇ ಉಕ್ಕಿ ಬುಸ್ ಅನ್ನುತ್ತದೋ, ರೈಲ್‌ನ ಒತ್ತಡ ಸೋರಿಹೋದಾಗ ಪೆಟ್ರೋಲಿಗೂ ಹಾಗೇ ಆಗುತ್ತದೆ. ಪೈಪಿನಲ್ಲಿ ಎಣ್ಣೆ ಇರುವ ಜಾಗದಲ್ಲಿ ಆವಿಯ ಗುಳ್ಳೆ. ಇಂಜೆಕ್ಟರ್ ತೆರೆದರೆ ಹೊರಬರುವುದು ಗುಳ್ಳೆ, ಪೆಟ್ರೋಲ್ ಅಲ್ಲ. ಪಂಪ್ ಹೊಸ ಪೆಟ್ರೋಲ್ ತಳ್ಳಿ ಗುಳ್ಳೆಗಳನ್ನು ಹೊರಹಾಕುವ ತನಕ ನೀವು ಸೆಲ್ಫ್ ಹೊಡೆಯುತ್ತಲೇ ಇರಬೇಕು. ಹಿಡಿದ ಮೇಲೂ ಉಳಿದ ಗುಳ್ಳೆ ಹೋಗುವ ತನಕ ನಡುಕ.

ಚಾರ್ಮಾಡಿ ಘಾಟಿಯಲ್ಲಿ ಅಂಬಾಸಿಡರ್ ಹತ್ತಿಸಿದ ಹಳೆಯ ಡ್ರೈವರ್‌ಗಳಿಗೆ ಈ ಆವಿಯ ಕಾಟ ಚೆನ್ನಾಗಿ ಗೊತ್ತು. ಎಂಜಿನ್ ಪಕ್ಕದ ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ, ಒಂದು ಬೀಡಿ ಮುಗಿಯುವಷ್ಟು ಹೊತ್ತು ದೂರ ಕೂತು, ಆಮೇಲೆ ಹೊರಡುತ್ತಿದ್ದರು. ಆ ಪಂಪ್ ಟ್ಯಾಂಕಿನಿಂದ ಪೆಟ್ರೋಲನ್ನು ಹೀರುತ್ತಿತ್ತು. ಹೀರುವ ಪೈಪಿನಲ್ಲಿ ಒತ್ತಡ ಕಡಿಮೆ, ಹಾಗಾಗಿ ಬೇಗ ಆವಿ. ಈಗ ಪಂಪ್ ಟ್ಯಾಂಕಿನ ಒಳಗೇ ಕೂತು ಪೆಟ್ರೋಲನ್ನು ತಳ್ಳುತ್ತದೆ. ಅದಕ್ಕೇ ಓಡುವಾಗ ಈ ಕಾಟ ಹೆಚ್ಚುಕಮ್ಮಿ ಇಲ್ಲವಾಗಿದೆ. ಒತ್ತಡ ಸೋರುವ ಗಾಡಿಯಲ್ಲಿ ಮಾತ್ರ, ನಿಲ್ಲಿಸಿದ ಮೇಲೆ ಮರಳಿ ಬರುತ್ತದೆ.

"ಹಾಗಾದರೆ ರಾತ್ರಿಯೆಲ್ಲ ನಿಂತರೆ ಒತ್ತಡ ಪೂರ್ತಿ ಹೋಗಿರಬೇಕಲ್ವಾ, ಬೆಳಿಗ್ಗೆ ಹೇಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ?" ಅಂತ ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಬೆಳಿಗ್ಗೆ ಒತ್ತಡ ಇಲ್ಲದಿದ್ದರೂ ಪೈಪಿನಲ್ಲಿರುವುದು ತಣ್ಣಗಿನ ಪೆಟ್ರೋಲ್. ಗುಳ್ಳೆ ಇಲ್ಲ. ಕೀ ಆನ್ ಮಾಡಿದಾಗ ಪಂಪ್ ಎರಡು ಸೆಕೆಂಡ್ ತಳ್ಳಿದರೆ ಸಾಕು, ಒತ್ತಡ ಏರಿಬಿಡುತ್ತದೆ. ಹಾಗಾಗಿ ಹೊತ್ತಿನ ಲೆಕ್ಕ ಬಹಳ ಮುಖ್ಯ. ನಿಲ್ಲಿಸಿ ಎರಡೇ ನಿಮಿಷಕ್ಕೆ ಮತ್ತೆ ಹೊಡೆದರೆ ಚೆನ್ನಾಗಿ ಸ್ಟಾರ್ಟ್ ಆಗಿ, 20–40 ನಿಮಿಷಕ್ಕೆ ಸತಾಯಿಸಿ, ಮೂರು ಗಂಟೆ ಬಿಟ್ಟರೆ ಮತ್ತೆ ಸರಿಹೋದರೆ, ಅದು ಹೆಚ್ಚಾಗಿ ಒತ್ತಡ ಸೋರುವ ಗುರುತು. ಎರಡು ನಿಮಿಷಕ್ಕೂ ಸತಾಯಿಸಿದರೆ ಸೆನ್ಸರ್ ಕಡೆ ಅನುಮಾನ ಪಡಬೇಕು. ನೀವು 20–30 ನಿಮಿಷದ ಮಾತಷ್ಟೇ ಹೇಳಿದ್ದೀರಿ. ಉಳಿದ ಎರಡನ್ನೂ ಒಂದು ಭಾನುವಾರ ನೋಡಿಬಿಡಿ.

ಈಗ ದುಡ್ಡಿಲ್ಲದ ಎರಡು ಪರೀಕ್ಷೆ. ಎರಡನ್ನೂ ಒಂದೇ ಸಲ ಮಾಡಬೇಡಿ, ಬೇರೆ ಬೇರೆ ದಿನ ಮಾಡಿ, ಇಲ್ಲದಿದ್ದರೆ ಯಾವುದರಿಂದ ಗುಣ ಕಂಡಿತು ಅಂತ ತಿಳಿಯುವುದಿಲ್ಲ. ಅರ್ಧ ಗಂಟೆ ಓಡಿಸಿ, 25 ನಿಮಿಷ ನಿಲ್ಲಿಸಿ. ಕೀಯನ್ನು ಆನ್‌ಗೆ ಮಾತ್ರ ತಿರುಗಿಸಿ, ಸೆಲ್ಫ್ ಬೇಡ. ಹಿಂದಿನ ಸೀಟಿನ ಕಡೆಯಿಂದ "ಝೂಂ" ಅಂತ ಎರಡು ಸೆಕೆಂಡ್ ಪಂಪಿನ ಸದ್ದು ಬರುತ್ತದೆ. ಸದ್ದು ನಿಂತ ಮೇಲೆ ಆಫ್ ಮಾಡಿ, ಐದು ಸೆಕೆಂಡ್ ಬಿಟ್ಟು ಮತ್ತೆ ಆನ್. ಹೀಗೆ ಮೂರು ಸಲ. ನಾಲ್ಕನೆಯ ಸಲ ಸೆಲ್ಫ್ ಹೊಡೆಯಿರಿ. ಬೆಳಿಗ್ಗೆಯ ಹಾಗೆ ಚಕ್ ಅಂತ ಹಿಡಿದುಕೊಂಡರೆ, ಪೈಪಿನ ಒತ್ತಡ ಸೋರುತ್ತಿದೆ ಅಂತ ಮುಕ್ಕಾಲು ಪಾಲು ಹೇಳಬಹುದು.

ಇನ್ನೊಂದು ದಿನ ಕೀ ಆಟ ಬಿಟ್ಟು, ಆಕ್ಸಿಲರೇಟರನ್ನು ನೆಲಕ್ಕೆ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ. ಹೀಗೆ ಮಾಡಿದರೆ ಬಹುತೇಕ ಇಂಜೆಕ್ಷನ್ ಗಾಡಿಗಳ ಇಸಿಎಂ (ಎಂಜಿನ್ ನಡೆಸುವ ಕಂಪ್ಯೂಟರ್), ಎಂಜಿನ್ ಒಳಗೆ ಪೆಟ್ರೋಲ್ ಓವರ್‌ಫ್ಲೋ ಆಗಿದೆ ಅಂತ ತಿಳಿದು ಇಂಜೆಕ್ಟರುಗಳನ್ನು ಮುಚ್ಚಿಡುತ್ತದೆ. ಬರೀ ಗಾಳಿ ಒಳಗೆ ಹೋಗುತ್ತದೆ. ಆಗ ಸ್ಟಾರ್ಟ್ ಆದರೆ, ಒಳಗೆ ಪೆಟ್ರೋಲ್ ಜಾಸ್ತಿ ಇತ್ತು ಅಂತ ಅರ್ಥ. ಹಿಡಿದ ಕ್ಷಣವೇ ಕಾಲು ತೆಗೆಯಿರಿ, ಇಲ್ಲದಿದ್ದರೆ ಎಂಜಿನ್ ಕಿರುಚಿಕೊಳ್ಳುತ್ತದೆ. ಸೈಲೆನ್ಸರ್ ಹತ್ತಿರ ಒಬ್ಬರನ್ನು ನಿಲ್ಲಿಸಿ. ಕಪ್ಪು ಹೊಗೆ, ಹಸಿ ಪೆಟ್ರೋಲ್ ವಾಸನೆ ಬಂತಾ ಅಂತ ಅವರು ನೋಡಲಿ.

ನಿಮ್ಮ ಮೆಕ್ಯಾನಿಕ್ ಪ್ಲಗ್ ಬದಲಿಸಿದರಲ್ಲ, ಹಳೆಯ ಪ್ಲಗ್ ಹೇಗಿದ್ದವು ಅಂತ ಹೇಳಿದರಾ? ಬಿಸಿಯಲ್ಲಿ ಎರಡು ಸಲ ಸೆಲ್ಫ್ ಹೊಡೆದು ಸ್ಟಾರ್ಟ್ ಆಗದಿದ್ದಾಗ, ಅಲ್ಲೇ ಪ್ಲಗ್ ಬಿಚ್ಚಿ ನೋಡಬೇಕಿತ್ತು. ತುದಿ ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ಒದ್ದೆಯಾಗಿ ವಾಸನೆ ಹೊಡೆಯುತ್ತಿದ್ದರೆ ಜಾಸ್ತಿ ಬರುತ್ತಿದೆ, ಇಲ್ಲವೇ ಕಿಡಿ ಇಲ್ಲ. ನಾಲ್ಕರಲ್ಲಿ ಒಂದೇ ಒದ್ದೆಯಿದ್ದರೆ ಆ ಸಿಲಿಂಡರಿನ ಇಂಜೆಕ್ಟರ್ ಸೋರುತ್ತಿರಬಹುದು, ಇಲ್ಲವೇ ಅಲ್ಲಿ ಕಿಡಿ ಇಲ್ಲ. ಐದು ನಿಮಿಷದ ಈ ಕೆಲಸಕ್ಕೆ ನಾನು ಯಾವ ಸ್ಕ್ಯಾನರ್‌ಗಿಂತಲೂ ಹೆಚ್ಚು ಬೆಲೆ ಕೊಡುತ್ತೇನೆ. ಬಿಸಿ ಎಂಜಿನ್ನಿನ ಅಲ್ಯೂಮಿನಿಯಂ ಹೆಡ್‌ನಿಂದ ಪ್ಲಗ್ ಬಿಚ್ಚುವಾಗ ಒರಟುತನ ಬೇಡ, ಥ್ರೆಡ್ ಹಾಳಾಗುತ್ತದೆ. ಪ್ಲಗ್ ಬಿಗಿಯಾಗಿದ್ದರೆ ಬಲವಂತ ಮಾಡಬೇಡಿ.

ನಮ್ಮ ಗ್ಯಾರೇಜಿಗೆ ಬಂದ ಒಂದು ಗಾಡಿಯ ಕಥೆ ಹೇಳುತ್ತೇನೆ. ನಿಮ್ಮದರ ಹಾಗೇ ಸಣ್ಣ ಪೆಟ್ರೋಲ್ ಕಾರು, ಬೇಸಿಗೆ ಕಾಲ. ಬೇರೆ ಕಡೆ ಕಾಯಿಲ್, ಪ್ಲಗ್, ಪೆಟ್ರೋಲ್ ಪಂಪ್, ಮೂರೂ ಹೊಸದು ಹಾಕಿಸಿಕೊಂಡು ಬಂದಿದ್ದರು. ನಾವು ಮಾಡಿದ್ದು ಇಷ್ಟೇ. ಊರ ಹೊರಗೆ ಅರ್ಧ ಗಂಟೆ ಓಡಿಸಿ ತಂದು, ರೈಲ್ ಪೈಪಿಗೆ ಒತ್ತಡದ ಗೇಜ್ ಜೋಡಿಸಿ, ಎಂಜಿನ್ ಆಫ್ ಮಾಡಿ, ಸ್ಟೂಲ್ ಹಾಕಿಕೊಂಡು ಕೂತೆವು. ಮುಳ್ಳು 3ರ ಮೇಲಿತ್ತು. ನಾಲ್ಕು ನಿಮಿಷದಲ್ಲಿ 1ಕ್ಕೆ ಬಂತು, ಆರು ನಿಮಿಷಕ್ಕೆ ಸೊನ್ನೆ. ಪಂಪ್ ಹೊಸದು, ಹಾಗಾದರೆ ಎಲ್ಲಿ ಹೋಗುತ್ತಿದೆ? ಮರುದಿನ ಎಂಜಿನ್ ತಣ್ಣಗಾದ ಮೇಲೆ ಇಂಜೆಕ್ಟರುಗಳ ಸಮೇತ ರೈಲನ್ನು ಎತ್ತಿ, ಕೆಳಗೆ ಒಂದು ಹಾಳೆ ಹಾಸಿ, ಕೀ ಆನ್ ಮಾಡಿದೆವು. ಮೂರನೆಯ ಇಂಜೆಕ್ಟರಿನ ಮೂತಿಯಲ್ಲಿ ಒಂದು ಹನಿ ಮೆಲ್ಲಗೆ ಊದಿಕೊಂಡಿತು, ಬಿತ್ತು. ಹಾಳೆ ಮೇಲೆ ಎಂಟಾಣೆಯಷ್ಟು ಗುಂಡಗಿನ ಒದ್ದೆ. ಅದು ಆರುವ ಮೊದಲೇ ಇನ್ನೊಂದು ಹನಿ. ಗಾಡಿಯ ಯಜಮಾನರು ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ಒಂದು ಇಂಜೆಕ್ಟರ್ ಬದಲಾಯಿಸಿ, ಉಳಿದ ಮೂರನ್ನು ಮೆಷಿನ್‌ನಲ್ಲಿ ತೊಳೆಸಿ, ಓ-ರಿಂಗ್ ಹೊಸದು ಹಾಕಿದೆವು. ಕೆಲಸ ಮುಗಿಯಿತು.

ಆ ಒಂದು ಹನಿ ಎರಡು ಕಡೆ ಹಾನಿ ಮಾಡುತ್ತಿತ್ತು. ರೈಲ್‌ನಲ್ಲಿ ಒತ್ತಡ ಇಲ್ಲದಂತೆ ಮಾಡುತ್ತಿತ್ತು, ಬಿಸಿ ಸಿಲಿಂಡರಿನಲ್ಲಿ ಪೆಟ್ರೋಲ್ ಜಾಸ್ತಿ ಮಾಡುತ್ತಿತ್ತು. ಅದೇ ಹನಿ ಬೆಳಿಗ್ಗೆ ಅಷ್ಟು ತೊಂದರೆ ಕೊಡುತ್ತಿರಲಿಲ್ಲ. ತಣ್ಣಗಿನ ಎಂಜಿನ್‌ಗೆ ಸ್ಟಾರ್ಟ್ ಆಗಲು ಹೇಗೂ ಹೆಚ್ಚು ಪೆಟ್ರೋಲ್ ಬೇಕು. ಬೆಳಿಗ್ಗೆ ಚೆನ್ನಾಗಿರುತ್ತದೆ ಅನ್ನುವ ಕಾರಣಕ್ಕೆ ಇಂಜೆಕ್ಟರ್ ಮೇಲಿನ ಅನುಮಾನ ಬಿಡಬಾರದು ಅಂತ ನಾನು ಹೇಳುವುದು ಇದಕ್ಕೇ.

ಚೆಕ್ ಎಂಜಿನ್ ಲೈಟ್ ಯಾಕೆ ಬರಲಿಲ್ಲ ಅಂದರೆ, ನಿಮ್ಮಂಥ ಗಾಡಿಗಳಲ್ಲಿ ಸಾಮಾನ್ಯವಾಗಿ ರೈಲ್‌ನ ಒತ್ತಡ ಅಳೆಯುವ ಸೆನ್ಸರೇ ಇರುವುದಿಲ್ಲ. ಇಸಿಎಂಗೆ ಗೊತ್ತೇ ಆಗದ ಸಂಗತಿಗೆ ಅದು ಲೈಟ್ ಹೇಗೆ ಹಾಕೀತು? ಆದ್ದರಿಂದ "ಸ್ಕ್ಯಾನ್ ಮಾಡಿದೆ, ಕೋಡ್ ಇಲ್ಲ, ಗಾಡಿ ಸರಿಯಿದೆ" ಅನ್ನುವ ಮಾತನ್ನು ಒಪ್ಪಬೇಡಿ. ಗೇಜ್ ಹಾಕಲೇಬೇಕು. ಗೇಜ್ ಇಲ್ಲದ ಗ್ಯಾರೇಜಾದರೆ ಇರುವ ಕಡೆ ಹೋಗಿ.

ಗೇಜ್ ಹಾಕಿದಾಗ ಒತ್ತಡ ಬಿದ್ದರೆ ಮುಂದಿನ ಪ್ರಶ್ನೆ, ಮುಂದಕ್ಕೆ ಸೋರುತ್ತಿದೆಯೋ ಹಿಂದಕ್ಕೋ? ಮುಂದಕ್ಕೆ ಅಂದರೆ ಇಂಜೆಕ್ಟರ್. ಹಿಂದಕ್ಕೆ ಅಂದರೆ ಟ್ಯಾಂಕಿನೊಳಗಿನ ಪಂಪ್ ಸೆಟ್. ಅದರಲ್ಲಿ ಪೆಟ್ರೋಲ್ ವಾಪಸ್ ಹರಿಯದಂತೆ ತಡೆಯುವ ಒಂದು ಸಣ್ಣ ವಾಲ್ವ್ ಇರುತ್ತದೆ, ಒತ್ತಡ ಕಾಯುವ ರೆಗ್ಯುಲೇಟರ್ ಇರುತ್ತದೆ, ಇವುಗಳ ಓ-ರಿಂಗ್ ಇರುತ್ತದೆ. ಗೇಜ್ ಜೊತೆಗೆ ಮುಚ್ಚುವ ಕಾಕ್ ಇರುವ ಸೆಟ್ ಬಳಸಿ, ಎಂಜಿನ್ ಆಫ್ ಆದ ಕೂಡಲೇ ಟ್ಯಾಂಕ್ ಕಡೆಯ ದಾರಿ ಮುಚ್ಚಬೇಕು. ಆಗ ಮುಳ್ಳು ನಿಂತರೆ ಪಂಪ್ ಸೆಟ್ ದೋಷ, ಆಗಲೂ ಇಳಿದರೆ ಇಂಜೆಕ್ಟರ್. ಕಾಕ್ ಇಲ್ಲ ಅಂತ ಇಕ್ಕಳದಿಂದ ಪೈಪ್ ಹಿಸುಕಲು ಬಿಡಬೇಡಿ. ಈಗಿನ ಗಾಡಿಗಳ ನೈಲಾನ್ ಪೈಪ್ ಹಿಸುಕಿದರೆ ಸೀಳುತ್ತದೆ.

ಈ ಕೆಲಸವನ್ನು ನೀವೇ ಮನೆಯಲ್ಲಿ ಮಾಡಬೇಡಿ. ಒತ್ತಡದಲ್ಲಿರುವ ಪೆಟ್ರೋಲ್, ಪಕ್ಕದಲ್ಲೇ ಸುಡುವ ಸೈಲೆನ್ಸರ್ ಪೈಪ್. ಮೊದಲು ಪಂಪಿನ ರಿಲೇ ಅಥವಾ ಫ್ಯೂಸ್ ತೆಗೆದು ಎಂಜಿನ್ ತಾನಾಗಿ ನಿಲ್ಲುವ ತನಕ ಓಡಿಸಿ ಒತ್ತಡ ಇಳಿಸಬೇಕು. ಕೈಗೆಟುಕುವ ಹಾಗೆ ಬೆಂಕಿ ಆರಿಸುವ ಸಿಲಿಂಡರ್ ಇರಬೇಕು. ಸಿಗರೇಟು ಸೇದುತ್ತಾ ಪೆಟ್ರೋಲ್ ಪೈಪ್ ಬಿಚ್ಚುವವರನ್ನು ನಾನು ನೋಡಿದ್ದೇನೆ. ಅಂಥವರ ಕೈಗೆ ಗಾಡಿ ಕೊಡಬೇಡಿ.

ಪಂಪೇ ಬದಲಿಸಬೇಕು ಅಂತಾದರೆ ಕಂಪನಿ ಸಾಮಾನೇ ಹಾಕಿಸಿ. ಅಗ್ಗದ ಡೂಪ್ಲಿಕೇಟ್ ಪಂಪುಗಳಲ್ಲಿ ಮೊದಲು ಕೈಕೊಡುವುದು ಆ ಸಣ್ಣ ವಾಲ್ವೇ. ಮೂರು ತಿಂಗಳಲ್ಲಿ ಮತ್ತೆ ಇದೇ ಗೋಳು. ರಿಸರ್ವ್‌ನಲ್ಲೇ ಗಾಡಿ ಓಡಿಸುವ ಅಭ್ಯಾಸ ಇದ್ದರೆ ಬಿಡಿ. ಪಂಪ್ ತಣ್ಣಗಿರುವುದು ಟ್ಯಾಂಕಿನ ಪೆಟ್ರೋಲಿನಿಂದಲೇ.

ಇನ್ನು ಸೆನ್ಸರ್‌ಗಳ ವಿಷಯ. ಎಂಜಿನ್ನಿನ ನೀರಿನ ಬಿಸಿ ಅಳೆಯುವ ಸೆನ್ಸರ್ ಒಂದಿದೆ. ಎಷ್ಟು ಪೆಟ್ರೋಲ್ ಕೊಡಬೇಕು ಅಂತ ಇಸಿಎಂ ಮುಖ್ಯವಾಗಿ ಇದರ ಮಾತು ಕೇಳಿ ನಿರ್ಧರಿಸುತ್ತದೆ. ನೀರು 85 ಡಿಗ್ರಿ ಇರುವಾಗ ಇದು "20 ಡಿಗ್ರಿ" ಅಂತ ಸುಳ್ಳು ಹೇಳಿದರೆ, ಇಸಿಎಂ ಬೆಳಗಿನ ಹಾಗೆ ಧಾರಾಳವಾಗಿ ಪೆಟ್ರೋಲ್ ಸುರಿಯುತ್ತದೆ. ಬಿಸಿ ಎಂಜಿನ್ ಅದನ್ನು ತಡೆಯುವುದಿಲ್ಲ. ಸುಳ್ಳು ನಂಬುವ ಹಾಗಿದ್ದರೆ ಲೈಟೂ ಬರದೆ ಇರಬಹುದು. 20 ಡಿಗ್ರಿ ಅನ್ನುವುದು ಅಸಾಧ್ಯವಾದ ಅಂಕಿ ಅಲ್ಲವಲ್ಲ.

ಇದನ್ನು ಮನೆಯಲ್ಲೇ ನೋಡಬಹುದು. ನಮ್ಮ ದೇಶದಲ್ಲಿ 2013ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಒಬಿಡಿ-2 (ಗಾಡಿ ತನ್ನ ದೋಷ ತಾನೇ ಪತ್ತೆಹಚ್ಚಿ ತಿಳಿಸುವ ವ್ಯವಸ್ಥೆ) ಕಡ್ಡಾಯವಾಯಿತು. ನಿಮ್ಮದು 2014ರದ್ದು, ಸ್ಟಿಯರಿಂಗ್ ಕೆಳಗೆ ಆ ಸಾಕೆಟ್ ಇರುತ್ತದೆ. ಬ್ಲೂಟೂತ್‌ನ ಸಣ್ಣ ಅಡಾಪ್ಟರ್ ಆನ್‌ಲೈನ್‌ನಲ್ಲಿ ಅಗ್ಗವಾಗಿಯೇ ಸಿಗುತ್ತದೆ, ಫೋನಿನಲ್ಲಿ ಒಂದು ಆ್ಯಪ್ ಸಾಕು. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ನೀರಿನ ಬಿಸಿ ಮತ್ತು ಒಳಗೆಳೆಯುವ ಗಾಳಿಯ ಬಿಸಿ ಎರಡೂ ಹೊರಗಿನ ಹವೆಯಷ್ಟೇ, ಹೆಚ್ಚುಕಮ್ಮಿ ಒಂದೇ ತೋರಿಸಬೇಕು. ಓಡಿಸಿದ ಮೇಲೆ ನೀರು 85–95ರ ಹತ್ತಿರ ಇರಬೇಕು. ಮುಖ್ಯವಾಗಿ, ಸತಾಯಿಸುವ ಹೊತ್ತಿನಲ್ಲೇ ಕೀ ಆನ್ ಮಾಡಿ ಆ ಅಂಕಿ ನೋಡಿ. ಎಂಜಿನ್ ಸುಡುತ್ತಿದ್ದು ಆ್ಯಪ್ 30 ತೋರಿಸಿದರೆ ಕಳ್ಳ ಸಿಕ್ಕಿದ. ಮೀಟರ್‌ನಲ್ಲಿರುವ ಬಿಸಿಯ ಮುಳ್ಳನ್ನು ನಂಬಬೇಡಿ. ಕೆಲವು ಗಾಡಿಗಳಲ್ಲಿ ಅದಕ್ಕೆ ಬೇರೆಯೇ ಸೆನ್ಸರ್ ಇರುತ್ತದೆ.

ಅದೇ ಆ್ಯಪ್‌ನಲ್ಲಿ ಇನ್ನೊಂದು ಅಂಕಿ ನೋಡಿ. ಸೆಲ್ಫ್ ಹೊಡೆಯುವಾಗ ಆರ್‌ಪಿಎಂ 200–250ರ ಆಸುಪಾಸು ತೋರಿಸಬೇಕು. ಸೆಲ್ಫ್ ಚೆನ್ನಾಗಿ ತಿರುಗುತ್ತಿದ್ದರೂ ಸೊನ್ನೆಯೇ ಇದ್ದರೆ ಕ್ರ್ಯಾಂಕ್ ಸೆನ್ಸರ್ ಮೇಲೆ ಅನುಮಾನ. ಎಂಜಿನ್ ತಿರುಗುತ್ತಿದೆ ಅಂತ ಇಸಿಎಂಗೆ ತಿಳಿಸುವುದು ಅದು. ಒಳಗಿನ ತಂತಿ ಸುರುಳಿ ಬಿಸಿಗೆ ಹಿಗ್ಗಿ ಬಿಟ್ಟುಕೊಳ್ಳುತ್ತದೆ, ತಣ್ಣಗಾದರೆ ಕೂಡಿಕೊಳ್ಳುತ್ತದೆ. ಆದರೆ ಈ ದೋಷದಲ್ಲಿ ಗಾಡಿ ಏಳೆಂಟು ಸೆಕೆಂಡಿಗೆ ಹಿಡಿಯುವುದು ಕಡಿಮೆ. ಸ್ಟಾರ್ಟೇ ಆಗದೆ ಅರ್ಧ ಗಂಟೆ ಕೂರಿಸುತ್ತದೆ, ಓಡುವಾಗಲೂ ಒಮ್ಮೊಮ್ಮೆ ಧಡಕ್ಕನೆ ಆಫ್ ಆಗುತ್ತದೆ. ನಿಮಗೆ ಹಾಗೆ ಆಗಿಲ್ಲ. ಎಂದಾದರೂ ಓಡುವಾಗ ಆಫ್ ಆದರೆ ಮಾತ್ರ ತಡಮಾಡಬೇಡಿ, ಹೆದ್ದಾರಿಯಲ್ಲಿ ಲಾರಿಗಳ ಮುಂದೆ ಅದು ಪ್ರಾಣದ ಪ್ರಶ್ನೆ.

ಒಂದು ವಿಷಯ ಗಮನಿಸಿ ಹೇಳಿ. ಟ್ಯಾಂಕ್ ಫುಲ್ ಮಾಡಿಸಿದ ದಿನ ಈ ಕಾಟ ಜಾಸ್ತಿಯಾ? ಹೌದಾದರೆ ದಾರಿ ಬೇರೆ. ಟ್ಯಾಂಕಿನ ಆವಿಯನ್ನು ಇದ್ದಿಲು ತುಂಬಿದ ಒಂದು ಡಬ್ಬಿ ಹಿಡಿದಿಟ್ಟುಕೊಂಡು, ಎಂಜಿನ್ ಓಡುವಾಗ ಒಂದು ವಾಲ್ವ್ ಮೂಲಕ ಅದಕ್ಕೆ ಕುಡಿಸುತ್ತದೆ. ಆ ವಾಲ್ವ್ ತೆರೆದೇ ಸಿಕ್ಕಿಕೊಂಡರೆ, ಸ್ಟಾರ್ಟ್ ಆಗುವಾಗಲೂ ಆವಿ ನುಗ್ಗಿ ಉಸಿರು ಕಟ್ಟಿಸುತ್ತದೆ. ಬಂಕಿನಲ್ಲಿ ಗನ್ ತಾನಾಗಿ ಕಟ್ ಆದ ಮೇಲೂ "ರೌಂಡ್ ಫಿಗರ್ ಮಾಡಿಬಿಡಿ" ಅಂತ ಕುತ್ತಿಗೆವರೆಗೂ ತುಂಬಿಸುತ್ತೇವಲ್ಲ, ಅದರಿಂದ ಹಸಿ ಪೆಟ್ರೋಲೇ ಆ ಡಬ್ಬಿಗೆ ಹೋಗಿ ಅದನ್ನು ಹಾಳುಮಾಡುತ್ತದೆ. ಕಟ್ ಆದಲ್ಲಿಗೆ ನಿಲ್ಲಿಸಿ.

ಸೆಕೆಂಡ್ ಹ್ಯಾಂಡ್ ಗಾಡಿ ಆದ್ದರಿಂದ ಇನ್ನೊಂದು ಮಾತು. ಹಿಂದಿನವರು ಗ್ಯಾಸ್ ಕಿಟ್ ಹಾಕಿಸಿ ಮಾರುವಾಗ ತೆಗೆಸಿದ್ದಾರಾ ನೋಡಿ. ಇನ್‌ಟೇಕ್ ಮ್ಯಾನಿಫೋಲ್ಡ್ ಮೇಲೆ ಸ್ಕ್ರೂ ಹಾಕಿ ಮುಚ್ಚಿದ ತೂತು, ಇಂಜೆಕ್ಟರ್ ವೈರುಗಳಲ್ಲಿ ಟೇಪ್ ಸುತ್ತಿದ ಜಾಯಿಂಟ್, ಡಿಕ್ಕಿಯ ತಳದಲ್ಲಿ ಬೋಲ್ಟಿನ ಗುರುತು ಕಂಡರೆ ಹೌದು ಅಂತಲೇ. ವರ್ಷಗಟ್ಟಲೆ ಗ್ಯಾಸಿನಲ್ಲಿ ಓಡಿದ ಗಾಡಿಯಲ್ಲಿ ಪೆಟ್ರೋಲ್ ಇಂಜೆಕ್ಟರುಗಳು ಕೆಲಸವಿಲ್ಲದೆ ಜಿಗುಟು ಹಿಡಿದು ಸೋರಲು ಶುರುಮಾಡಿರುತ್ತವೆ. ಆ ಟೇಪ್ ಜಾಯಿಂಟುಗಳನ್ನು ಬಿಚ್ಚಿ ಬೆಸುಗೆ ಹಾಕಿಸಿ.

ಇ20, ಅಂದರೆ ಶೇ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್ ಬಗ್ಗೆ ಈಗ ಎಲ್ಲರೂ ಕೇಳುತ್ತಾರೆ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಅದು ಬಿಡುಗಡೆಯಾಯಿತು, ಈಗ ಬಂಕುಗಳಲ್ಲಿ ಸಿಗುವುದು ಹೆಚ್ಚಾಗಿ ಅದೇ. 2014ರ ಗಾಡಿಯ ರಬ್ಬರ್ ಪೈಪು, ಓ-ರಿಂಗುಗಳನ್ನು ಅಷ್ಟು ಎಥನಾಲ್ ಇಟ್ಟುಕೊಂಡು ಮಾಡಿರಲಿಲ್ಲ, ನಿಜ. ಹಾಗಂತ ತಪ್ಪೆಲ್ಲ ಪೆಟ್ರೋಲಿನದು ಅಂತ ಕೈಚೆಲ್ಲಬೇಡಿ. ಅದೇ ಬಂಕಿನ ಪೆಟ್ರೋಲ್ ಹಾಕಿಸಿಕೊಂಡ ಅದೇ ವಯಸ್ಸಿನ ಎಷ್ಟೋ ಗಾಡಿಗಳು ಬಿಸಿಯಲ್ಲೂ ಚೆನ್ನಾಗಿ ಸ್ಟಾರ್ಟ್ ಆಗುತ್ತಿವೆ. ನಿಮ್ಮ ಗಾಡಿಯಲ್ಲಿ ಏನೋ ಸೋರುತ್ತಿದೆ. ಸರಿಮಾಡುವಾಗ ಓ-ರಿಂಗು, ರಬ್ಬರ್ ಪೈಪುಗಳನ್ನು ಎಥನಾಲ್ ತಡೆಯುವ ಹೊಸ ಸಾಮಾನಿಗೆ ಬದಲಿಸಿಕೊಳ್ಳಿ.

ಡೀಸೆಲ್ ಗಾಡಿಯವರೂ ಇದನ್ನು ಓದುತ್ತಿರಬಹುದು. ನಿಮ್ಮಲ್ಲೂ ಬಿಸಿಯಲ್ಲಿ ಇದೇ ಕಾಟ ಇದ್ದರೆ, ಇಂಜೆಕ್ಟರುಗಳ ರಿಟರ್ನ್ ಪೈಪಿಗೆ ನಾಲ್ಕು ಬಾಟಲಿ ಕಟ್ಟಿ ಯಾವುದರಲ್ಲಿ ಡೀಸೆಲ್ ಜಾಸ್ತಿ ತುಂಬುತ್ತದೆ ನೋಡಿಸಿ. ಕಾಮನ್ ರೈಲ್ ಎಂಜಿನ್ ಸ್ಟಾರ್ಟ್ ಆಗಲು ಸುಮಾರು 200 ಬಾರ್ ಒತ್ತಡ ಬೇಕು. ಡೀಸೆಲ್ ಬಿಸಿಯಾಗಿ ತೆಳುವಾದಾಗ ಸವೆದ ಇಂಜೆಕ್ಟರಿನಿಂದ ಅದು ವಾಪಸ್ ಹರಿದುಹೋಗಿ ಒತ್ತಡ ಏರುವುದೇ ಇಲ್ಲ.

ನಿಮ್ಮ ಗಾಡಿಗೆ ಮರಳೋಣ. ಸರಿಯಾಗುವ ತನಕ ಕೀಯನ್ನು ಎರಡು ಮೂರು ಸಲ ಆನ್ ಮಾಡಿ ಹೊಡೆಯುವ ಉಪಾಯದಿಂದ ಕೆಲಸ ಸಾಗಿಸಿ. ಒಂದೇ ಸಮ ಹತ್ತು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬೇಡಿ, ನಡುವೆ ಅರ್ಧ ನಿಮಿಷ ಬಿಡಿ. ಇಲ್ಲದಿದ್ದರೆ ಚೆನ್ನಾಗಿರುವ ಸೆಲ್ಫ್ ಮೋಟಾರ್ ನಿಜವಾಗಿಯೂ ಸುಟ್ಟುಹೋಗುತ್ತದೆ. ಇವತ್ತೇ ಎಂಜಿನ್ ಆಯಿಲ್ ಕಡ್ಡಿ ಎಳೆದು ಮೂಸಿ ನೋಡಿ. ಪೆಟ್ರೋಲ್ ವಾಸನೆ ಘಾಟಾಗಿ ಹೊಡೆದರೆ, ಅಥವಾ ಆಯಿಲ್ ಮಟ್ಟ ಮೇಲಿನ ಗೆರೆ ದಾಟಿ ಏರಿದ್ದರೆ, ಇಂಜೆಕ್ಟರ್ ಸೋರಿ ಕೆಳಗಿಳಿಯುತ್ತಿದೆ. ಆಗ ಉಪಾಯದಲ್ಲಿ ದಿನ ದೂಡಬೇಡಿ. ತೆಳುವಾದ ಆಯಿಲ್ ಬೇರಿಂಗುಗಳನ್ನು ತಿನ್ನುತ್ತದೆ, ಸುಡದ ಪೆಟ್ರೋಲ್ ಸೈಲೆನ್ಸರಿನಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಹಾಳುಮಾಡುತ್ತದೆ. ಎರಡೂ ದೊಡ್ಡ ಖರ್ಚು.

ಕೀ ಪರೀಕ್ಷೆ, ಆಕ್ಸಿಲರೇಟರ್ ಪರೀಕ್ಷೆ ಎರಡರ ಫಲವನ್ನೂ ಒಂದು ಚೀಟಿಯಲ್ಲಿ ಬರೆದುಕೊಳ್ಳಿ, ದಿನ, ಹೊತ್ತು, ಎಷ್ಟು ನಿಮಿಷ ನಿಂತಿತ್ತು ಅನ್ನುವುದರ ಸಮೇತ. ಮೆಕ್ಯಾನಿಕ್ ಹತ್ತಿರ ಮೊದಲೇ ಮಾತಾಡಿ, ಮಧ್ಯಾಹ್ನ ಎರಡರ ಬಿಸಿಲಿಗೆ ಹೋಗಿ. ಟಿ.ಬಿ. ಡ್ಯಾಂ ಕಡೆ ಒಂದು ಸುತ್ತು ಹಾಕಿ ಅರ್ಧ ಗಂಟೆ ಓಡಿಸಿಕೊಂಡೇ ಗ್ಯಾರೇಜ್ ತಲುಪಿ. ಗೇಜ್ ಜೋಡಿಸಿ, ಎಂಜಿನ್ ಇನ್ನೊಂದು ಹತ್ತು ನಿಮಿಷ ಓಡಿಸಿ ಆಫ್ ಮಾಡಿಸಿ. ಚಹಾ ಅಲ್ಲಿಗೇ ತರಿಸಿಕೊಂಡು 20 ನಿಮಿಷ ಮುಳ್ಳಿನ ಮುಂದೆ ಕೂತಿರಿ. ಎಷ್ಟಿದ್ದದ್ದು ಎಷ್ಟಕ್ಕೆ ಇಳಿಯಿತು ಅಂತ ಅದೇ ಚೀಟಿಯಲ್ಲಿ ಬರೆಯಿರಿ. ಪಂಪೋ ಇಂಜೆಕ್ಟರೋ ಬದಲಿಸಿದ ಮೇಲೆ, ದುಡ್ಡು ಕೊಡುವ ಮೊದಲು, ಅದೇ ಗೇಜ್ ಹಾಕಿಸಿ ಇನ್ನೊಮ್ಮೆ 20 ನಿಮಿಷ ಕೂರಿ. ಮುಳ್ಳು ನಿಂತರೆ ಗಾಡಿ ತೆಗೆದುಕೊಂಡು ಹೊರಡಿ.